ಲೆಕ್ಕದ ಮನೆಗೆ ಎರಡು ಬೀಗ

ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದ ಭಂಡಾರದಲ್ಲಿರುವ ತಾಳೆಗರಿಯ ಕಟ್ಟುಗಳಲ್ಲಿ ಒಂದು ಜಗತ್ಪ್ರಸಿದ್ಧವಾದುದು. ತಂಜಾವೂರು ಸೀಮೆಯ ಪಂಡಿತರೊಬ್ಬರು ತಂದೊಪ್ಪಿಸಿದ ಆ ಗ್ರಂಥಲಿಪಿಯ ಪ್ರತಿಯು, ಕಳೆದೇಹೋಯಿತೆಂದು ವಿದ್ವಾಂಸರು ಭಾವಿಸಿದ್ದ ಕೌಟಿಲ್ಯನ ಅರ್ಥಶಾಸ್ತ್ರವೆಂಬುದನ್ನು 1905ರಲ್ಲಿ ಗುರುತಿಸಿದವರು ಅಲ್ಲಿ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು. 1909ರಲ್ಲಿ ಮೂಲವೂ 1915ರಲ್ಲಿ ಅದರ ಇಂಗ್ಲಿಷ್ ಅನುವಾದವೂ ಗ್ರಂಥರೂಪದಲ್ಲಿ ಪ್ರಕಟವಾದುವು.

ರಾಜನೀತಿಯ ಗ್ರಂಥವೆಂದೇ ಹೆಸರಾದ ಇದರ ಎರಡನೆಯ ಅಧಿಕರಣದಲ್ಲಿ, ಲೆಕ್ಕವಿಡುವ ಕಚೇರಿ ಹೇಗಿರಬೇಕು, ಸರ್ಕಾರದ ಹಣವನ್ನು ನೌಕರರು ಯಾವ ಯಾವ ಬಗೆಯಲ್ಲಿ ಅಪಹರಿಸುತ್ತಾರೆ ಎಂಬ ವಿಚಾರವಿದೆ. ಅಂತಹ ಉಪಾಯಗಳು ನಲವತ್ತು ಎಂದು ಕೌಟಿಲ್ಯನು ಎಣಿಸಿ ಪಟ್ಟಿಮಾಡಿದ್ದಾನೆ. ಮೊದಲು ವಸೂಲಾದ ಹಣವನ್ನು ತಡವಾಗಿ ಬರೆಯುವುದು, ವಸೂಲಾದುದನ್ನು ಆಗಲಿಲ್ಲವೆಂದು ತೋರಿಸುವುದು, ಒಬ್ಬನಿಂದ ಬಂದುದನ್ನು ಇನ್ನೊಬ್ಬನ ಹೆಸರಿನಲ್ಲಿ ಜಮಾ ಮಾಡುವುದು ಇವೇ ಮೊದಲಾದುವು ಅದರಲ್ಲಿವೆ. ಲೆಕ್ಕದ ಪುಸ್ತಕಗಳು ಗಣಕಯಂತ್ರದೊಳಗೆ ಸೇರಿಹೋಗಿರುವ ಈ ಕಾಲದಲ್ಲಿ ಆ ಪಟ್ಟಿಗೆ ಬೆಲೆಯುಂಟೇ? ಉಂಟೆಂಬುದನ್ನು ಈ ಲೇಖನದಲ್ಲಿ ತೋರಿಸಲು ಯತ್ನಿಸುತ್ತೇವೆ.

ಒಂದೇ ಕೈಯ ಲೆಕ್ಕ

ನಮ್ಮ ನಗರದ ಯಾವುದೋ ಬಡಾವಣೆಯಲ್ಲಿ ಒಂದು ಸಣ್ಣ ಪತ್ತಿನ ಸಹಕಾರ ಸಂಘವಿದೆಯೆಂದು ಊಹಿಸಿಕೊಳ್ಳೋಣ. ಅಲ್ಲಿರುವವನು ಒಬ್ಬನೇ ಗುಮಾಸ್ತ. ಸದಸ್ಯರು ಸಾಲದ ಕಂತು ಕಟ್ಟಲು ಬಂದಾಗ ಹಣ ಪಡೆಯುವವನೂ, ರಸೀತಿ ಕೊಡುವವನೂ, ಕಿರ್ದಿ ಬರೆಯುವವನೂ, ಸದಸ್ಯರ ಖಾತೆಗಳಿಗೆ ಏರಿಸುವವನೂ ಅವನೇ.

ಸೋಮವಾರ ಮೊದಲನೆಯ ಸದಸ್ಯನು 5,000 ರೂಪಾಯಿ ಕಟ್ಟುತ್ತಾನೆ. ಗುಮಾಸ್ತನು ರಸೀತಿ ಕೊಟ್ಟು, ಕಿರ್ದಿಯಲ್ಲಿ ಬರೆಯದೆ, ಹಣವನ್ನು ತನ್ನ ಜೇಬಿಗೆ ಹಾಕಿಕೊಳ್ಳುತ್ತಾನೆ. ಮಂಗಳವಾರ ಎರಡನೆಯವನು 6,000 ಕಟ್ಟುತ್ತಾನೆ. ಅದರಲ್ಲಿ 5,000 ಮೊದಲನೆಯವನ ಖಾತೆಗೆ ಜಮಾ ಆಗುತ್ತದೆ, ಎರಡನೆಯವನ ಖಾತೆಗೆ ಸೇರುವುದು 1,000 ಮಾತ್ರ. ಬುಧವಾರ ಮೂರನೆಯವನು ಕಟ್ಟಿದ 8,000ದಲ್ಲಿ 5,000 ಎರಡನೆಯವನಿಗೆ, ಉಳಿದ 3,000 ಮೂರನೆಯವನಿಗೆ. ಪ್ರತಿದಿನ ಸಂಜೆ ಪೆಟ್ಟಿಗೆಯ ನಗದಿಗೂ ಕಿರ್ದಿಗೂ ತಾಳೆ ನೋಡಿದರೆ ಒಂದು ಪೈಸೆಯ ವ್ಯತ್ಯಾಸವಿಲ್ಲ! ಆದರೂ 5,000 ರೂಪಾಯಿ ಸಂಘದಲ್ಲಿಲ್ಲ. ಕೊರತೆಯು ಒಬ್ಬರ ಖಾತೆಯಿಂದ ಇನ್ನೊಬ್ಬರ ಖಾತೆಗೆ ದಾಟುತ್ತ ಹೋಗುತ್ತದೆ. ಕೌಟಿಲ್ಯನ ಪಟ್ಟಿಯಲ್ಲಿ ನಾವು ಮೇಲೆ ಹೇಳಿದ ಮೊದಲನೆಯ ಉಪಾಯವೇ ಇದು.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ಮೊತ್ತ ಸರಿಹೊಂದಿತೆಂದ ಮಾತ್ರಕ್ಕೆ ಲೆಕ್ಕ ಸತ್ಯವಾಗುವುದಿಲ್ಲ. ಎರಡನೆಯದು, ಈ ಮೋಸ ನಡೆಯಬೇಕಾದರೆ ಗುಮಾಸ್ತನು ಒಂದು ದಿನವೂ ರಜೆ ತೆಗೆದುಕೊಳ್ಳುವಂತಿಲ್ಲ. ಬೇರೊಬ್ಬನು ಆ ಕುರ್ಚಿಯಲ್ಲಿ ಕುಳಿತು ಮೂರನೆಯವನ ರಸೀತಿಯನ್ನೂ ಖಾತೆಯನ್ನೂ ಒಟ್ಟಿಗೆ ನೋಡಿದೊಡನೆ ಸರಪಳಿ ಕಡಿದುಬೀಳುತ್ತದೆ. ಎಂದೂ ರಜೆ ಕೇಳದ ನೌಕರನು ಕಾರ್ಯನಿಷ್ಠನಾಗಿರಬಹುದು, ಆದರೆ ಸಂಸ್ಥೆಯು ಅಷ್ಟರಿಂದಲೇ ತೃಪ್ತಿಪಡಬಾರದು.

ಆಂತರಿಕ ನಿಯಂತ್ರಣದ ತಿರುಳು

ಇಂತಹ ಅನಾಹುತವನ್ನು ತಡೆಯಲು ಸಂಸ್ಥೆಯು ತನ್ನೊಳಗೇ ಮಾಡಿಕೊಳ್ಳುವ ಏರ್ಪಾಟಿಗೆ ಆಂತರಿಕ ನಿಯಂತ್ರಣವೆಂದು ಹೆಸರು. ಅದರ ತಿರುಳನ್ನು ಒಂದೇ ವಾಕ್ಯದಲ್ಲಿ ಹೇಳಬಹುದು: ಅಪ್ಪಣೆ ಕೊಡುವುದು, ಹಣವನ್ನು ಇಟ್ಟುಕೊಳ್ಳುವುದು, ಲೆಕ್ಕ ಬರೆಯುವುದು ಈ ಮೂರು ಕೆಲಸಗಳು ಒಂದೇ ಕೈಯಲ್ಲಿರಬಾರದು. ಬ್ಯಾಂಕಿನ ಭದ್ರ ಕೊಠಡಿಗೆ ಎರಡು ಬೀಗದ ಕೈಗಳಿದ್ದು, ಅವು ಇಬ್ಬರು ಅಧಿಕಾರಿಗಳ ಬಳಿ ಬೇರೆ ಬೇರೆಯಾಗಿರುವುದು ಇದೇ ತತ್ತ್ವದಿಂದ.

ಅರ್ಥಶಾಸ್ತ್ರವೂ ಇದನ್ನೇ ವಿಧಿಸುತ್ತದೆ. ಅಧ್ಯಕ್ಷನೊಡನೆ ಲೆಕ್ಕಿಗ, ಬರಹಗಾರ, ನಾಣ್ಯಪರೀಕ್ಷಕ, ಉಳಿಕೆಯನ್ನು ವಶಕ್ಕೆ ಪಡೆಯುವವನು, ಮೇಲ್ವಿಚಾರಕ ಇವರೆಲ್ಲ ಬೇರೆ ಬೇರೆಯಾಗಿರಬೇಕು. ಇಲಾಖೆಗೆ ಒಬ್ಬನೇ ಮುಖ್ಯಸ್ಥನಿರಬಾರದು, ಇದ್ದವರೂ ಅಲ್ಲಿ ಶಾಶ್ವತವಾಗಿ ನೆಲೆಸಬಾರದು. ಆಷಾಢದಲ್ಲಿ ವಾರ್ಷಿಕ ಲೆಕ್ಕ ಒಪ್ಪಿಸಲು ಬಂದ ಅಧಿಕಾರಿಗಳು ಮುದ್ರೆಯೊತ್ತಿದ ಪುಸ್ತಕಗಳನ್ನು ತರಬೇಕು, ತಮ್ಮತಮ್ಮಲ್ಲಿ ಮಾತನಾಡಕೂಡದು. ಅಪಹರಣವನ್ನು ತಿಳಿಸಿ ರುಜುವಾತು ಮಾಡಿದವನಿಗೆ ಆ ಮೊತ್ತದ ಆರನೆಯ ಒಂದು ಪಾಲು ಬಹುಮಾನ. ಅವನು ನೌಕರನೇ ಆಗಿದ್ದರೆ ಹನ್ನೆರಡನೆಯ ಒಂದು ಪಾಲು.

ಯಂತ್ರ ಬಂದ ಮೇಲೆ

ಗಣಕಯಂತ್ರದಿಂದ ಕೂಡಿ ಕಳೆಯುವ ತಪ್ಪುಗಳು ಬಹುಮಟ್ಟಿಗೆ ಇಲ್ಲವಾದುವು. ಆದರೆ ಯಂತ್ರಕ್ಕೆ ಒಪ್ಪಿಸಿದ ಸುಳ್ಳನ್ನು ಅದು ಸತ್ಯದಷ್ಟೇ ಅಂದವಾಗಿ ಅಚ್ಚುಮಾಡಿ ಕೊಡುತ್ತದೆ. ಹಿಂದೆ ಕಿರ್ದಿಯ ಬರಹವನ್ನು ಅಳಿಸಿದರೆ ಕಾಗದದ ಮೇಲೆ ಗುರುತು ಉಳಿಯುತ್ತಿತ್ತು, ಈಗ ಅಂತಹ ಗುರುತನ್ನು ನಾವೇ ಬೇಕೆಂದು ಉಳಿಸಿಕೊಳ್ಳಬೇಕು. ಆದಕಾರಣವೇ ಭಾರತದಲ್ಲಿ ಕಂಪನಿಗಳು ಬಳಸುವ ಲೆಕ್ಕದ ತಂತ್ರಾಂಶವು ಪ್ರತಿಯೊಂದು ಬದಲಾವಣೆಯನ್ನೂ, ಅದು ನಡೆದ ದಿನಾಂಕವನ್ನೂ ತಾನಾಗಿಯೇ ದಾಖಲಿಸಬೇಕು, ಆ ಸೌಲಭ್ಯವನ್ನು ಯಾರೂ ನಿಲ್ಲಿಸುವಂತಿರಬಾರದು ಎಂಬ ನಿಯಮವು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ.

ಎರಡು ಬೀಗದ ತತ್ತ್ವವನ್ನು ಯಂತ್ರದೊಳಗೂ ಅಳವಡಿಸುತ್ತಾರೆ. ಹಣ ಕಳುಹಿಸುವ ಆದೇಶವನ್ನು ಒಬ್ಬನು ಸಿದ್ಧಪಡಿಸಿದರೆ, ಇನ್ನೊಬ್ಬನು ತನ್ನ ಗುಪ್ತಪದದಿಂದ ಪ್ರವೇಶಿಸಿ ಅದನ್ನು ಪರಿಶೀಲಿಸಿ ಒಪ್ಪಿದ ಹೊರತು ಆದೇಶ ಹೊರಡುವುದಿಲ್ಲ. ಸ್ನೇಹಕ್ಕಾಗಿಯೋ ಅವಸರಕ್ಕಾಗಿಯೋ ತನ್ನ ಗುಪ್ತಪದವನ್ನು ಸಹೋದ್ಯೋಗಿಗೆ ಹೇಳಿಕೊಡುವುದೆಂದರೆ, ಎರಡು ಬೀಗದ ಕೈಗಳನ್ನೂ ಒಂದೇ ಗೊಂಚಲಿಗೆ ಪೋಣಿಸಿದಂತೆ.

ಈ ಎಚ್ಚರ ತಪ್ಪಿದರೆ ಏನಾಗುವುದೆಂಬುದಕ್ಕೆ 2018ರ ಫೆಬ್ರವರಿಯಲ್ಲಿ ಬೆಳಕಿಗೆ ಬಂದ ಪಂಜಾಬ್ ನ್ಯಾಷನಲ್ ಬ್ಯಾಂಕಿನ ಪ್ರಕರಣವು ನಿದರ್ಶನ. ಗಿರಾಕಿಯು ಸಾಲ ತೀರಿಸದಿದ್ದರೆ ತಾನು ತೀರಿಸುವೆನೆಂದು ಇತರ ಬ್ಯಾಂಕುಗಳಿಗೆ ಭರವಸೆ ನೀಡುವ ಹೊಣೆಪತ್ರಗಳು ಅದರ ಮುಂಬಯಿಯ ಒಂದು ಶಾಖೆಯಿಂದ ಹೊರಟಿದ್ದುವು. ಅವುಗಳ ಸಂದೇಶ ಹೋಗುತ್ತಿದ್ದುದು ಸ್ವಿಫ್ಟ್ ಎಂಬ ಅಂತಾರಾಷ್ಟ್ರೀಯ ಜಾಲದ ಮೂಲಕ. ಬ್ಯಾಂಕಿನ ಲೆಕ್ಕವಿದ್ದುದು ಕೋರ್ ಬ್ಯಾಂಕಿಂಗ್ ಎಂಬ ಇನ್ನೊಂದು ವ್ಯವಸ್ಥೆಯಲ್ಲಿ. ಎರಡಕ್ಕೂ ಜೋಡಣೆಯಿರಲಿಲ್ಲ. ಆದ್ದರಿಂದ ಹೊರಟ ಭರವಸೆಗಳು ಲೆಕ್ಕದಲ್ಲಿ ಕಾಣಿಸಲೇ ಇಲ್ಲ. ಮೊದಲು ಪ್ರಕಟವಾದ ಮೊತ್ತವೇ ಸುಮಾರು 11,400 ಕೋಟಿ ರೂಪಾಯಿ. ಗುಟ್ಟು ಹೊರಬಿದ್ದ ರೀತಿಯು ನಮ್ಮ ಗುಮಾಸ್ತನ ಕಥೆಯನ್ನು ನೆನಪಿಗೆ ತರುತ್ತದೆ. ಆ ಕೆಲಸದಲ್ಲಿ ವರ್ಷಾನುಗಟ್ಟಲೆ ಇದ್ದ ಅಧಿಕಾರಿಯು ನಿವೃತ್ತರಾದ ಮೇಲೆ, ಗಿರಾಕಿಗಳು ಮತ್ತೆ ಹೊಣೆಪತ್ರ ಕೇಳಲು ಬಂದರು. ಹೊಸಬರು ಅದಕ್ಕೆ ಈಡು ಕೇಳಿದರು. ಹಿಂದೆ ಈಡಿಲ್ಲದೆಯೇ ದೊರೆಯುತ್ತಿತ್ತೆಂಬ ಉತ್ತರ ಬಂದಿತು. ಹಳೆಯ ದಾಖಲೆಗಳನ್ನು ಹುಡುಕಿದರೆ ಅವು ಇರಲೇ ಇಲ್ಲ!

ಇಂತಹ ದುರುಪಯೋಗದ ಸಂಭವವನ್ನು ಕುರಿತು 2016ರ ಆಗಸ್ಟಿನಿಂದಲೇ ಬ್ಯಾಂಕುಗಳನ್ನು ಎಚ್ಚರಿಸಿದ್ದುದಾಗಿ ರಿಸರ್ವ್ ಬ್ಯಾಂಕು ತಿಳಿಸಿತು. ಅಪಾಯವು ಯಾರಿಗೂ ಹೊಳೆಯದ ವಿಷಯವೇನೂ ಆಗಿರಲಿಲ್ಲ. ಮುಂದೆ 2021ರ ಜುಲೈನಲ್ಲಿ, ಸೂಕ್ಷ್ಮ ಸ್ಥಾನಗಳಲ್ಲಿರುವ ಬ್ಯಾಂಕ್ ನೌಕರರಿಗೆ ವರ್ಷಕ್ಕೊಮ್ಮೆ, ಮುನ್ಸೂಚನೆ ಕೊಡದೆ, ಒಟ್ಟಿಗೆ 10 ಕೆಲಸದ ದಿನಗಳಿಗೆ ಕಡಮೆಯಿಲ್ಲದ ಕಡ್ಡಾಯ ರಜೆ ಕೊಡಬೇಕೆಂಬ ನಿಯಮವನ್ನು ಅದು ಬಿಗಿಗೊಳಿಸಿತು. ಅಧಿಕಾರಿಗಳು ಒಂದೇ ಕಡೆ ಶಾಶ್ವತವಾಗಿರಬಾರದೆಂಬ ತಾಳೆಗರಿಯ ಮಾತಿಗೂ ಇದಕ್ಕೂ ಇರುವ ಸಂಬಂಧವನ್ನು ವಾಚಕರು ತಾವೇ ಗ್ರಹಿಸಬಹುದು.

ಎಷ್ಟು ಬೀಗಗಳು ಬೇಕು?

ಹಾಗೆಂದು ಪ್ರತಿಯೊಂದು ಚಿಕ್ಕ ಖರ್ಚಿಗೂ ಹತ್ತು ಸಹಿಗಳನ್ನು ಕೇಳಿದರೆ ಕೆಲಸವೇ ನಿಂತುಹೋಗುತ್ತದೆ. ಅಪಾಯವನ್ನು ತೂಗಿನೋಡಿ ಕ್ರಮ ಕೈಗೊಳ್ಳುವುದಕ್ಕೆ ಅಪಾಯ ನಿರ್ವಹಣೆಯೆಂದು ಹೆಸರು. ಮೊದಲು ಕೇಳಬೇಕಾದ ಪ್ರಶ್ನೆಗಳು ಎರಡು: ಕೆಡುಕು ಸಂಭವಿಸುವುದು ಎಷ್ಟರಮಟ್ಟಿಗೆ ಸಾಧ್ಯ? ಸಂಭವಿಸಿದರೆ ನಷ್ಟವೆಷ್ಟು?

ಸಂಘವೊಂದಕ್ಕೆ 2,00,000 ರೂಪಾಯಿ ನಷ್ಟವಾಗುವ ಸಂಭವವು ವರ್ಷಕ್ಕೆ ನೂರಕ್ಕೆ 5 ಎಂದಿಟ್ಟುಕೊಂಡರೆ, ಸರಾಸರಿ ನಷ್ಟವು ವರ್ಷಕ್ಕೆ 10,000 ರೂಪಾಯಿ ಆಗುತ್ತದೆ. ವರ್ಷಕ್ಕೆ 4,000 ರೂಪಾಯಿ ತಗಲುವ ಒಂದು ತನಿಖೆಯಿಂದ ಆ ಸಂಭವವು ನೂರಕ್ಕೆ 1ಕ್ಕೆ ಇಳಿದರೆ, ಸರಾಸರಿ ನಷ್ಟವು 2,000ಕ್ಕೆ ಇಳಿಯುತ್ತದೆ. ಉಳಿತಾಯ 8,000, ವೆಚ್ಚ 4,000. ಆದುದರಿಂದ ಆ ತನಿಖೆ ಯೋಗ್ಯವಾದುದು. ಅದೇ ತನಿಖೆಗೆ 9,000 ತಗಲುವುದಾದರೆ ಬೇರೆ ಉಪಾಯ ಹುಡುಕಬೇಕು: ಅಪಾಯದ ವ್ಯವಹಾರವನ್ನೇ ಬಿಡಬಹುದು, ವಿಮೆ ಮಾಡಿಸಿ ಹೊರೆಯನ್ನು ಇತರರಿಗೆ ವಹಿಸಬಹುದು, ಇಲ್ಲವೇ ಸಣ್ಣ ನಷ್ಟವೆಂದು ತಿಳಿದೂ ಸಹಿಸಿಕೊಳ್ಳಬಹುದು.

ಆದರೆ ಯಾವ ನಿಯಂತ್ರಣಕ್ಕೂ ಒಂದು ಮಿತಿಯುಂಟು. ಎರಡು ಬೀಗದ ಕೈಗಳನ್ನು ಹಿಡಿದ ಇಬ್ಬರೂ ಒಳಸಂಚು ಮಾಡಿದರೆ ಬೀಗಗಳು ಇದ್ದೂ ಇಲ್ಲದಂತೆ. ಆದಕಾರಣ ಹೊರಗಿನ ಲೆಕ್ಕಪರಿಶೋಧಕರೂ, ತಮ್ಮ ಪಾಸ್‌ಪುಸ್ತಕವನ್ನು ತಾವೇ ತೆರೆದು ನೋಡುವ ಸದಸ್ಯರೂ ಬೇಕು. ನಮ್ಮ ಕಥೆಯ ಎರಡನೆಯ ಸದಸ್ಯನು ಮಂಗಳವಾರ ಸಂಜೆಯೇ ತನ್ನ ಖಾತೆಯನ್ನು ನೋಡಿದ್ದರೆ, ಬುಧವಾರದ ಮೋಸ ನಡೆಯುತ್ತಲೇ ಇರಲಿಲ್ಲ.

ತನಿಖೆಯೆಂದರೆ ಅಪನಂಬಿಕೆಯೆಂದು ಕೆಲವರು ನೊಂದುಕೊಳ್ಳುವುದುಂಟು. ನಿಜವನ್ನು ನೋಡಿದರೆ, ಪ್ರಾಮಾಣಿಕ ನೌಕರನ ಮೇಲೆ ಸಂಶಯ ಬಂದಾಗ ಅವನನ್ನು ಕಾಪಾಡುವುದೂ ಈ ತನಿಖೆಯೇ. ಆದುದರಿಂದ ವಿದ್ಯಾರ್ಥಿಗಳು ನಾಳೆ ತಮ್ಮ ವಿದ್ಯಾರ್ಥಿ ಸಂಘದ ಹಣವನ್ನು ನೋಡಿಕೊಳ್ಳುವ ಸಂದರ್ಭ ಬಂದಾಗ ಮೂರು ಪ್ರಶ್ನೆಗಳನ್ನು ಮರೆಯದೆ ಕೇಳಲಿ: ಅಪ್ಪಣೆ ಯಾರದು? ಹಣ ಯಾರ ಬಳಿ? ಲೆಕ್ಕ ಬರೆಯುವವರು ಯಾರು? ಮೂರಕ್ಕೂ ಒಂದೇ ಹೆಸರು ಉತ್ತರವಾಗಿ ಬಂದರೆ, ಆ ಹೆಸರು ತಮ್ಮದೇ ಆಗಿದ್ದರೂ ಸರಿಯೇ, ಇನ್ನೊಂದು ಬೀಗವನ್ನು ಹಾಕಿಸತಕ್ಕದ್ದು.