ಇಂದಿನ ಧಮ್ಮಚಿಂತನೆ: ಈ ಕೈ ಯಾರದು?



ಇಸಿಪತನದಲ್ಲಿ ಬುದ್ಧರು ಐವರು ಭಿಕ್ಖುಗಳಿಗೆ ಬೋಧಿಸಿದ ಅನತ್ತಲಕ್ಖಣ ಸುತ್ತವನ್ನು ಓದುತ್ತಿದ್ದೇವೆ. ದೇಹ ನಿಜಕ್ಕೂ 'ನಾನು' ಆಗಿದ್ದರೆ ನಾವು ಹೇಳಿದಂತೆ ಕೇಳಬೇಕಿತ್ತು. ಕೇಳುವುದಿಲ್ಲ, ಆದ್ದರಿಂದ ಅದು ನಾನಲ್ಲ, ನನ್ನದಲ್ಲ ಎಂಬುದು ಅಲ್ಲಿನ ವಾದ. "ಆದರೂ ಮೇಷ್ಟ್ರೇ, ನನ್ನ ಕೈ ನನ್ನದೇ ಅಲ್ಲವೇ?" ಎಂದು ಬಳಗದ ಹಿರಿಯರೊಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ.

ಮಿದುಳಿನ ಬಲಭಾಗಕ್ಕೆ ಪಾರ್ಶ್ವವಾಯು ಬಡಿದ ಕೆಲವರಲ್ಲಿ ಎಡಗೈ ಸ್ವಾಧೀನ ತಪ್ಪುವುದಷ್ಟೇ ಅಲ್ಲ, "ಇದು ನನ್ನ ಕೈಯೇ ಅಲ್ಲ" ಎನ್ನುತ್ತಾರೆ. ಭುಜದಿಂದ ಬೆರಳಿನವರೆಗೆ ಮುಟ್ಟಿ ತೋರಿಸಿದರೂ ಒಪ್ಪುವುದಿಲ್ಲ. ಮತ್ತೆ ಯಾರದು ಎಂದರೆ ಡಾಕ್ಟರದು, ಮನೆಯವರದು ಎನ್ನುವುದುಂಟು. ಉಳಿದ ವಿಷಯಗಳನ್ನು ಸರಿಯಾಗಿಯೇ ಮಾತಾಡುತ್ತಿರಬಹುದು. 1942ರಲ್ಲಿ ಗೆರ್ಸ್ಟ್‌ಮನ್ ಎಂಬ ನರರೋಗ ವೈದ್ಯರು ಇದಕ್ಕೆ ಸೊಮ್ಯಾಟೊಪ್ಯಾರಾಫ್ರೇನಿಯ ಎಂದು ಹೆಸರಿಟ್ಟರು. ಎಡಕಿವಿಗೆ ತಣ್ಣೀರು ಹಾಯಿಸಿದಾಗ ಆ ಕೈ ಸ್ವಲ್ಪ ಹೊತ್ತು 'ನನ್ನದು' ಆಗಿ, ಆಮೇಲೆ ಮತ್ತೆ ಪರರದಾದ ಉದಾಹರಣೆಯೂ ದಾಖಲಾಗಿದೆ.

ಆರೋಗ್ಯವಂತರಲ್ಲೂ ಇದು ಅಷ್ಟು ಗಟ್ಟಿಯಲ್ಲ. 1998ರ ಒಂದು ಪ್ರಯೋಗದಲ್ಲಿ ವ್ಯಕ್ತಿಯ ಕೈಯನ್ನು ಮರೆಮಾಡಿ, ಕಣ್ಣೆದುರು ರಬ್ಬರ್ ಕೈ ಇಟ್ಟು, ಎರಡನ್ನೂ ಏಕಕಾಲಕ್ಕೆ ಬ್ರಷ್‌ನಿಂದ ಸವರಿದರು. ರಬ್ಬರ್ ಕೈಯೇ ತನ್ನದೆಂದು ಅನೇಕರಿಗೆ ಅನ್ನಿಸಿತು.

ಅಂದರೆ 'ನನ್ನದು' ಎಂಬ ಭಾವನೆ ಕೈಯೊಳಗೆ ಇಲ್ಲ. ನೋಟ, ಸ್ಪರ್ಶ, ಮಿದುಳಿನ ಕೆಲಸ ಕೂಡಿದಾಗ ಹುಟ್ಟುತ್ತದೆ, ಒಂದು ತಪ್ಪಿದರೆ ಅಳಿಯುತ್ತದೆ. ಪಟಿಚ್ಚಸಮುಪ್ಪಾದ ಹೇಳುವುದೂ ಇದನ್ನೇ: ಕಾರಣವಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಹಾಗಾದರೆ ಆ ರೋಗಿ ಅನತ್ತವನ್ನು ಅರಿತವನೇ? ಖಂಡಿತ ಅಲ್ಲ. 'ನನ್ನದು' ಹೋದ ಜಾಗಕ್ಕೆ 'ಬೇರೆಯವರದು' ಬಂದು ಕೂತಿದೆ. ಭಯ, ಅಸಹ್ಯ ಹಾಗೇ ಇರಬಹುದು. ಅನತ್ತವೆಂದರೆ ಅಂಗದ ಅರಿವು ಅಳಿಯುವುದಲ್ಲ; ಅರಿವು ಪೂರ್ಣವಾಗಿದ್ದೂ ಉಪಾದಾನ, ಅಂದರೆ ಅಂಟು, ಸಡಿಲವಾಗುವುದು.

ಮನೆಯಲ್ಲಿ ಇಂಥವರಿದ್ದರೆ ನಗಬೇಡಿ, ವಾದಿಸಬೇಡಿ, ಧಮ್ಮೋಪದೇಶವನ್ನೂ ಮಾಡಬೇಡಿ. ವೈದ್ಯರಿಗೆ ತಿಳಿಸಿ. ಅವರು ಮರೆತ ಆ ಕೈ ಎಲ್ಲೂ ಸಿಕ್ಕಿಕೊಂಡು ಪೆಟ್ಟಾಗದಂತೆ ನೋಡಿಕೊಳ್ಳಿ. ಅತಿಸಾರದಿಂದ ಬಿದ್ದಿದ್ದ ಭಿಕ್ಖುವನ್ನು ಬುದ್ಧರೇ ಆನಂದನೊಡನೆ ತೊಳೆದು ಮಲಗಿಸಿದರಲ್ಲವೇ? ದೇಹ ನನ್ನದಲ್ಲ ಎಂದು ಕಲಿಸಿದವರೇ ಪರರ ದೇಹವನ್ನು ಹಾಗೆ ಕಾಪಾಡಿದರು.

*ಇಂದಿನ ಅಭ್ಯಾಸ:* 5 ನಿಮಿಷ ಕಣ್ಣು ಮುಚ್ಚಿ ಕುಳಿತು ಎಡಗೈಯನ್ನು ಗಮನಿಸಿ. ಬಿಸಿ, ಭಾರ, ಜುಮ್ಮೆನ್ನುವುದು ಸಿಗುತ್ತವೆ. 'ನನ್ನದು' ಎಲ್ಲಿ ಸಿಗುತ್ತದೆ, ನೋಡಿ.

ಭವತು ಸಬ್ಬ ಮಂಗಲಂ 🙏