ಮನೆತನದ ಮೂಲವನ್ನು ಶೋಧಿಸುವ ಬಗೆ

ಅಜ್ಜನ ಹೆಸರನ್ನು ತಿಳಿಯದವರು ನಮ್ಮಲ್ಲಿ ವಿರಳ. ಮುತ್ತಜ್ಜನ ಹೆಸರನ್ನು ಕೇಳಿದರೆ ಹಲವರು ತಡವರಿಸುತ್ತಾರೆ. ಮುತ್ತಜ್ಜನ ತಾಯಿಯ ಹೆಸರೇನೆಂದು ಕೇಳಿದರೆ ಉತ್ತರ ಕೊಡಬಲ್ಲವರು ಸಿಕ್ಕುವುದೇ ಕಷ್ಟ. ನಕ್ಷತ್ರಗಳ ದೂರವನ್ನು ಅಳೆದಿರುವ ಮನುಷ್ಯನಿಗೆ, ತನ್ನ ಮನೆಯಲ್ಲಿಯೇ ನೂರು ವರ್ಷಗಳ ಹಿಂದೆ ಒಲೆ ಹೊತ್ತಿಸಿದವರು ಯಾರೆಂಬುದು ತಿಳಿಯದೆ ಹೋಗಿರುವುದು ವಿಚಿತ್ರವಲ್ಲವೆ?

ಈ ಕುತೂಹಲ ನಮ್ಮದೊಂದೇ ಅಲ್ಲ. 19ನೆಯ ಶತಮಾನದ ಮೊದಲ ಭಾಗದಿಂದ 1914ರವರೆಗೆ 50 ಲಕ್ಷಕ್ಕೂ ಹೆಚ್ಚು ಜರ್ಮನರು ಸ್ವದೇಶವನ್ನು ಬಿಟ್ಟು ಅಮೆರಿಕದಲ್ಲಿ ನೆಲೆಸಿದರು. ಅವರ ಸಂತತಿಯವರು ಇಂದು ತಮ್ಮ ಹಿರಿಯರ ಗ್ರಾಮಗಳನ್ನು ಹುಡುಕುತ್ತಿದ್ದಾರೆ. ಬಹುಕಾಲದ ಅನುಭವದಿಂದ ಅವರು ಈ ಶೋಧನೆಗೆ ಕೆಲವು ನಿಯಮಗಳನ್ನು ರೂಪಿಸಿಕೊಂಡಿದ್ದಾರೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಒಬ್ಬ ವಿದ್ಯಾರ್ಥಿಯು ಅದೇ ನಿಯಮಗಳನ್ನು ತನ್ನ ಮನೆತನಕ್ಕೆ ಅನ್ವಯಿಸಿದರೆ ಎಷ್ಟು ದೂರ ಹೋಗಬಹುದು, ಎಲ್ಲಿ ನಿಲ್ಲಬೇಕಾಗುವುದು, ಎಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ಎರಡು ನಿಯಮಗಳು

ಮೊದಲನೆಯ ನಿಯಮ, ತಿಳಿದುದರಿಂದ ತಿಳಿಯದುದರ ಕಡೆಗೆ ಹೋಗಬೇಕು. ಪ್ರಸಿದ್ಧನಾದ ಯಾವನೋ ಒಬ್ಬ ದೇಸಾಯಿಯನ್ನು ಮೂಲಪುರುಷನೆಂದು ಹಿಡಿದು, ಅವನಿಂದ ನಮ್ಮವರೆಗೆ ಇಳಿದು ಬರಲು ಯತ್ನಿಸಬಾರದು. ನಮ್ಮಿಂದ ತಂದೆತಾಯಿಗಳಿಗೆ, ಅವರಿಂದ ಅಜ್ಜ ಅಜ್ಜಿಯರಿಗೆ, ಒಂದೊಂದೇ ಮೆಟ್ಟಿಲನ್ನು ಏರಬೇಕು. ಒಂದು ಮೆಟ್ಟಿಲು ಗಟ್ಟಿಯಾಗದೆ ಮುಂದಿನದರ ಮೇಲೆ ಕಾಲಿಡಕೂಡದು.

ಎರಡನೆಯದು, ಪರಸ್ಪರ ಸಂಬಂಧವಿಲ್ಲದ ಎರಡು ಸಾಕ್ಷ್ಯಗಳು ಒಂದೇ ಮಾತನ್ನು ಹೇಳಬೇಕು. ಇದರ ಬಲವನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ಒಂದು ಸಾಕ್ಷ್ಯವು ಐದು ಸಲಕ್ಕೆ ಒಂದು ಸಲ ತಪ್ಪುವುದೆಂದು ಭಾವಿಸೋಣ. ಅಂಥ ಎರಡು ಸ್ವತಂತ್ರ ಸಾಕ್ಷ್ಯಗಳು ಏಕಕಾಲಕ್ಕೆ ತಪ್ಪುವ ಸಂಭವ ಇಪ್ಪತ್ತೈದರಲ್ಲಿ ಒಂದು ಮಾತ್ರ. ಆದರೆ ಎರಡನೆಯದು ಮೊದಲನೆಯದರ ನಕಲಾಗಿದ್ದರೆ, ಸಂಭವವು ಐದರಲ್ಲಿ ಒಂದಾಗಿಯೇ ಉಳಿಯುವುದು. ಹತ್ತು ಜನ ಬಂಧುಗಳು ಒಬ್ಬನೇ ಅಜ್ಜನ ಬಾಯಿಂದ ಕೇಳಿದ ಕಥೆಯನ್ನು ಹೇಳಿದರೆ, ಸಾಕ್ಷ್ಯ ಹತ್ತಲ್ಲ, ಒಂದೇ. ಪ್ರಯೋಗಶಾಲೆಯಲ್ಲಿ ದೋಷವುಳ್ಳ ಒಂದೇ ಮಾಪಕದಿಂದ ಹತ್ತು ಸಲ ಅಳೆದರೆ ದೋಷವು ಹೋಗುವುದಿಲ್ಲವೆಂಬುದನ್ನು ವಿದ್ಯಾರ್ಥಿಗಳು ಬಲ್ಲರು. ಇಲ್ಲಿಯೂ ಹಾಗೆಯೇ.

ನೆನಪಿಗೆ ಕಾಲಮಾಪನ

ಶೋಧನೆಯು ಮನೆಯ ಹಿರಿಯರಿಂದ ಆರಂಭವಾಗುವುದು. ಆದರೆ ಹಿರಿಯರಿಗೆ ಇಸವಿಗಳು ನೆನಪಿರುವುದು ಕಡಿಮೆ, ಘಟನೆಗಳು ನೆನಪಿರುತ್ತವೆ. ಕೊಯ್ನಾ ಭೂಕಂಪವಾದುದು 1967ರ ಡಿಸೆಂಬರ್ 11ರ ಬೆಳಗಿನ ಜಾವ. ಮುಂಬಯಿ ಪ್ರಾಂತದಿಂದ ಬೆಳಗಾವಿ ಜಿಲ್ಲೆಯು ಬೇರೆಯಾಗಿ ಹೊಸ ರಾಜ್ಯಕ್ಕೆ ಸೇರಿದುದು 1956ರ ನವೆಂಬರ್ 1ರಂದು. ದೊಡ್ಡ ಬರ ಬಿದ್ದುದು 1972ರಲ್ಲಿ. "ಭೂಕಂಪವಾದಾಗ ನಿಮ್ಮ ಮದುವೆಯಾಗಿತ್ತೆ?" ಎಂದು ಕೇಳಿದರೆ ಅಜ್ಜಿಯು ನಿಶ್ಚಯವಾಗಿ ಉತ್ತರ ಕೊಡುವರು. ಇನ್ನೂ ಹಿಂದಕ್ಕೆ ಹೋದರೆ, ಅವರು ತಮ್ಮ ಹಿರಿಯರಿಂದ ಕೇಳಿದ ಮಾತುಗಳಲ್ಲಿ 1918ರ ಇನ್ಫ್ಲುಯೆಂಜಾ, ಅದಕ್ಕೂ ಮೊದಲು 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡು ಹಬ್ಬಿದ ಪ್ಲೇಗು, ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದ ಸಂಗತಿ, ಇವು ಸಿಕ್ಕಬಹುದು.

ಹೀಗೆ ದೊರೆತ ಕಾಲವನ್ನು ಶಾಲೆಯ ದಾಖಲಾತಿ ಪುಸ್ತಕದೊಡನೆ ಹೋಲಿಸಬೇಕು. ಹಳೆಯ ಪುಸ್ತಕಗಳಲ್ಲಿ ಜೂನ್ 1ರಂದು ಹುಟ್ಟಿದ ಮಕ್ಕಳ ಸಂಖ್ಯೆ ಆಶ್ಚರ್ಯ ಹುಟ್ಟಿಸುವಷ್ಟು ಇರುವುದು. ಪ್ರಕೃತಿಯಲ್ಲಿ ಇಂಥ ನಿಯಮವೇನೂ ಇಲ್ಲ. ಶಾಲೆ ಆರಂಭವಾಗುವ ತಿಂಗಳಿಗೆ ಮಗುವಿನ ವಯಸ್ಸು ಸರಿಹೊಂದಲೆಂದು ಗುರುಗಳು ಅಂದಾಜಿನಿಂದ ಬರೆದ ದಿನಾಂಕವದು. ಇನ್ಫ್ಲುಯೆಂಜಾ ಬಂದಾಗ ತೊಟ್ಟಿಲಲ್ಲಿದ್ದವನ ಜನ್ಮದಿನವನ್ನು ಪುಸ್ತಕವು 1922ರ ಜೂನ್ 1 ಎಂದರೆ, ನಾವು ಪುಸ್ತಕಕ್ಕಿಂತ ತೊಟ್ಟಿಲನ್ನು ಹೆಚ್ಚು ನಂಬಬೇಕು. ಯಾವ ಕಾಗದವನ್ನೇ ಆಗಲಿ, ಇದನ್ನು ಬರೆದವರು ಯಾರು, ಯಾವ ಉದ್ದೇಶಕ್ಕೆ ಬರೆದರು, ಎಂದು ಕೇಳಿಯೇ ಸ್ವೀಕರಿಸಬೇಕು.

ಹೆಳವರ ವಂಶಾವಳಿ

ನಮ್ಮ ನಾಡಿನಲ್ಲಿ ಈ ವಿದ್ಯೆಯನ್ನೇ ಕುಲವೃತ್ತಿಯಾಗಿ ಉಳಿಸಿಕೊಂಡು ಬಂದವರು ಹೆಳವರು. ಅಲಂಕರಿಸಿದ ಎತ್ತಿನ ಮೇಲೆ ಬಂದು, ಒಕ್ಕಲು ಮನೆಯ ಮುಂದೆ ನಿಂತು, ಆ ಮನೆತನದ ಹಿರಿಯರ ಹೆಸರುಗಳನ್ನು ತಲೆಮಾರಿನಿಂದ ತಲೆಮಾರಿಗೆ ಹಾಡಿ ಹೊಗಳಿ, ಧಾನ್ಯವನ್ನೋ ಬಟ್ಟೆ ಪಾತ್ರೆಗಳನ್ನೋ ಪಡೆದು ಹೋಗುವುದು ಅವರ ಸಂಪ್ರದಾಯ. ಮನೆಯಲ್ಲಿ ಹೊಸದಾಗಿ ಹುಟ್ಟಿದವರ ಹೆಸರನ್ನು ಕೇಳಿ ಸೇರಿಸಿಕೊಳ್ಳುತ್ತಾರೆ. ಬಾಯಿಪಾಠದ ಜೊತೆಗೆ ಬರೆದಿಟ್ಟ ಹಳೆಯ ಪುಸ್ತಕಗಳೂ ಕೆಲವರಲ್ಲಿ ಇರುವುವು. ಮನೆತನವು ಮೊದಲು ಯಾವ ಊರಿನಲ್ಲಿತ್ತು, ಯಾವ ಕಾರಣದಿಂದ ಈ ಊರಿಗೆ ಬಂದಿತು, ಎಂಬುದನ್ನೂ ಅವರು ಹೇಳುವುದುಂಟು. ಅಮೆರಿಕದ ಜರ್ಮನರು ಎಲ್ಲಕ್ಕಿಂತ ಹೆಚ್ಚು ಶ್ರಮಪಟ್ಟು ಹುಡುಕುವುದು ಈ ಮೂಲ ಊರಿನ ಹೆಸರನ್ನೇ.

ಆದರೆ ಹೆಳವರ ಮಾತನ್ನೂ ಪರೀಕ್ಷಿಸಬೇಕು. ಅದಕ್ಕೆ ತಲೆಮಾರಿನ ಅವಧಿಯು ಒಳ್ಳೆಯ ಗಡಿಯಾರ. ತಂದೆಗೂ ಮಗನಿಗೂ ಸರಾಸರಿ 30 ವರ್ಷಗಳ ಅಂತರವೆಂದು ಹಿಡಿದರೆ, 12 ತಲೆಮಾರುಗಳ ವಂಶಾವಳಿಯು 360 ವರ್ಷಗಳಷ್ಟು ಹಿಂದಕ್ಕೆ ಹೋಗುವುದು. ಅಂತರವು 25 ಆಗಿದ್ದರೆ 300 ವರ್ಷ, 35 ಆಗಿದ್ದರೆ 420 ವರ್ಷ. ಅದೇ ಮನೆತನದವರು ತಮ್ಮ ಮೂಲಪುರುಷನು ಬಸವಣ್ಣನವರ ಸಮಕಾಲೀನನೆಂದು ಹೇಳಿದರೆ, ನಡುವಣ 850 ವರ್ಷಗಳಿಗೆ ಸುಮಾರು 28 ಹೆಸರುಗಳು ಬೇಕು. ಹದಿನಾರು ಹೆಸರುಗಳು ಎಲ್ಲಿ ಹೋದವು?

ಹೆಸರುಗಳು ಕಳೆದುಹೋಗಲು ಒಂದು ಸಹಜವಾದ ಕಾರಣವಿದೆ. ಮೊಮ್ಮಗನಿಗೆ ಅಜ್ಜನ ಹೆಸರನ್ನು ಇಡುವುದು ನಮ್ಮ ರೂಢಿ. ಬಸಪ್ಪನ ಮಗ ರಾಮಪ್ಪ, ರಾಮಪ್ಪನ ಮಗ ಬಸಪ್ಪ, ಅವನ ಮಗ ಮತ್ತೆ ರಾಮಪ್ಪ. ಕಾಲಕ್ರಮದಲ್ಲಿ ಇಬ್ಬರು ಬಸಪ್ಪಂದಿರು ಒಬ್ಬನಾಗಿಬಿಡುತ್ತಾರೆ. ನಡುವಣ ಎರಡು ತಲೆಮಾರುಗಳು ಅಳಿಸಿಹೋಗುತ್ತವೆ. ಎರಡು ಹೆಸರುಗಳ ನಡುವೆ 80-90 ವರ್ಷಗಳ ಅಂತರ ಕಂಡಾಗ ಇಂಥ ಲೋಪವನ್ನು ಶಂಕಿಸಬೇಕು.

ದಫ್ತರಗಳ ಸಾಕ್ಷ್ಯ

ಇನ್ನು ಬರೆಹದ ಸಾಕ್ಷ್ಯ. ಇದಕ್ಕೆ ಮೊದಲು ಕೇಳಬೇಕಾದ ಪ್ರಶ್ನೆ, ಆ ಕಾಲದಲ್ಲಿ ಆ ಊರು ಯಾರ ಆಡಳಿತದಲ್ಲಿತ್ತು? 1871ಕ್ಕೆ ಮೊದಲು ಜರ್ಮನಿ ಒಂದೇ ರಾಜ್ಯವಾಗಿರಲಿಲ್ಲ. ಪ್ರಷ್ಯ, ಬವೇರಿಯ, ವ್ಯೂರ್ಟೆಂಬರ್ಗ್ ಮೊದಲಾದ ಅನೇಕ ರಾಜ್ಯಗಳಿದ್ದುವು. ಅವುಗಳ ಕಾಗದಪತ್ರಗಳೂ ಬೇರೆಬೇರೆ ಕಡೆ ಉಳಿದಿವೆ. ನಮ್ಮ ಸೀಮೆಯ ಸ್ಥಿತಿಯೂ ಅಂಥದೇ. ಅಥಣಿಯು ಮುಂಬಯಿ ಪ್ರಾಂತದ ಬೆಳಗಾವಿ ಜಿಲ್ಲೆಯಲ್ಲಿದ್ದಾಗ, ನೆರೆಯ ರಾಯಬಾಗವು ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಆ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾದುದು 1949ರಲ್ಲಿ. ಆದುದರಿಂದ ರಾಯಬಾಗದ ಹಳೆಯ ಕಾಗದವನ್ನು ಬೆಳಗಾವಿಯಲ್ಲಿ ಹುಡುಕಿ ಬರಿಗೈಯಲ್ಲಿ ಹಿಂದಿರುಗಿದವನು, ಕಾಗದವೇ ಇಲ್ಲವೆಂದು ತೀರ್ಮಾನಿಸಬಾರದು.

ಗ್ರಾಮದ ಲೆಕ್ಕಪತ್ರಗಳನ್ನು ಬರೆದವರು ವಂಶಪರಂಪರೆಯ ಕುಲಕರ್ಣಿಗಳು. 1950ರ ಕಾಯಿದೆಯು ಕುಲಕರ್ಣಿ ವತನವನ್ನು ರದ್ದುಮಾಡಿತು. ಆ ಮೇಲೆ ತಲಾಟಿಗಳು ಬಂದರು. ಇಂದು ನಾವು ಉತಾರವೆಂದು ಕರೆಯುವ ಹೊಲದ ಪತ್ರಕ್ಕೆ ಆಧಾರವಾದ ಹಕ್ಕುದಾಖಲೆಯ ಪದ್ಧತಿಯು ಮುಂಬಯಿ ಪ್ರಾಂತದಲ್ಲಿ 1903ರ ಕಾಯಿದೆಯಿಂದ ಬಂದಿತು. ಹೊಲದ ಒಡೆಯನು ತೀರಿಕೊಂಡಾಗ ವಾರಸುದಾರರ ಹೆಸರುಗಳನ್ನೂ ಮೃತನೊಡನೆ ಅವರ ಸಂಬಂಧವನ್ನೂ ಬರೆಯುವ ವಾರಸಾ ನೋಂದಣಿಯು ವಂಶಶೋಧಕನಿಗೆ ಬಹಳ ಬೆಲೆಯುಳ್ಳದ್ದು. ಅದರ ಒಂದೊಂದು ಸಾಲೂ ಒಂದು ತಲೆಮಾರನ್ನು ಮುಂದಿನದಕ್ಕೆ ಜೋಡಿಸುವ ಕೊಂಡಿ. ಹೊಲವಿಲ್ಲದವರ ಹೆಸರು ಇದರಲ್ಲಿ ಬರುವುದಿಲ್ಲ. ಅವರಿಗೆ ನೆನಪು ಹಾಗೂ ಶಾಲೆಯ ಪುಸ್ತಕಗಳೇ ಗತಿ. ತ್ರ್ಯಂಬಕೇಶ್ವರದಂಥ ಕ್ಷೇತ್ರಗಳಿಗೆ ಹೋಗಿಬಂದ ಮನೆತನಗಳ ಹೆಸರುಗಳು ಅಲ್ಲಿಯ ತೀರ್ಥಪುರೋಹಿತರ ವಹಿಗಳಲ್ಲಿ ಸಿಕ್ಕುವುದುಂಟು.

ಇನ್ನೂ ಹಿಂದಿನ ದಫ್ತರಗಳಲ್ಲಿ ಅನೇಕವು ಮರಾಠಿ ಭಾಷೆಯಲ್ಲಿ, ಮೋಡಿ ಲಿಪಿಯಲ್ಲಿವೆ. ಲೇಖಣಿಯನ್ನು ಎತ್ತದೆ ಓಟವಾಗಿ ಬರೆಯುವ ಈ ಲಿಪಿಯು 20ನೆಯ ಶತಮಾನದ ಮಧ್ಯದಲ್ಲಿ ಬಳಕೆ ತಪ್ಪಿತು. ಜರ್ಮನರಿಗೂ ಇದೇ ತೊಡಕು. ಅವರ ಇಗರ್ಜಿಗಳ ದಾಖಲೆಗಳು ಕೆಲವೆಡೆ 16ನೆಯ ಶತಮಾನದಿಂದಲೂ ಉಳಿದಿವೆ. ಆದರೆ ಅವು ಕುರೆಂಟ್ ಎಂಬ ಹಳೆಯ ಕೈಬರಹದಲ್ಲಿವೆ. 1941ರಲ್ಲಿ ಶಾಲೆಗಳಿಂದ ತೆಗೆದುಹಾಕಲ್ಪಟ್ಟ ಆ ಬರಹವನ್ನು ಇಂದಿನ ಜರ್ಮನ್ ಯುವಕನು ಓದಲಾರ. ಕಾಗದ ಉಳಿದರೆ ಸಾಲದು. ಅದನ್ನು ಓದುವ ಕಣ್ಣೂ ಉಳಿಯಬೇಕು. ಮೋಡಿಯನ್ನು ಕಲಿಯುವುದು ಕೆಲವು ತಿಂಗಳುಗಳ ಅಭ್ಯಾಸದಿಂದ ಸಾಧ್ಯ.

ಅಡ್ಡಹೆಸರಿನ ಭ್ರಮೆ

ಅಡ್ಡಹೆಸರು ಒಂದಾದರೆ ವಂಶವೂ ಒಂದೆಂಬ ನಂಬಿಕೆ ಸರ್ವತ್ರ ಇದೆ. ಜರ್ಮನರಲ್ಲಿ ಮ್ಯೂಲ್ಲರ್ ಎಂದರೆ ಹಿಟ್ಟಿನ ಗಿರಣಿಯವನು. ಶ್ಮಿಟ್ ಎಂದರೆ ಕಂಬಾರ. ಶೇಫರ್ ಎಂದರೆ ಕುರಿ ಕಾಯುವವನು. ಊರಿಗೊಬ್ಬ ಕಂಬಾರನಿದ್ದುದರಿಂದ ಊರಿಗೊಂದು ಶ್ಮಿಟ್ ಮನೆತನವು ಬೇರೆಯಾಗಿಯೇ ಹುಟ್ಟಿತು. ಅಮೆರಿಕಕ್ಕೆ ಹೋದ ಮೇಲೆ ಹಲವು ಶ್ಮಿಟ್ಟರು ಸ್ಮಿತ್ತರಾದರು, ಮ್ಯೂಲ್ಲರರು ಮಿಲ್ಲರರಾದರು. ನಮ್ಮ ಕಂಬಾರ, ಬಡಿಗೇರ, ಹೂಗಾರ, ಪಾಟೀಲ, ಕುಲಕರ್ಣಿಗಳೂ ವೃತ್ತಿಯಿಂದ ಅಥವಾ ಅಧಿಕಾರದಿಂದ ಬಂದ ಹೆಸರುಗಳೇ. ಅಥಣಿಯ ಪಾಟೀಲರಿಗೂ ನಿಪ್ಪಾಣಿಯ ಪಾಟೀಲರಿಗೂ ಹೆಸರಿನಿಂದ ಸಂಬಂಧ ಸಿದ್ಧವಾಗದು. ಒಂದೇ ಮನೆತನದ ಒಂದು ಕವಲು ಊರಿನ ಹೆಸರನ್ನೂ ಇನ್ನೊಂದು ಕವಲು ಹುದ್ದೆಯ ಹೆಸರನ್ನೂ ಇಟ್ಟುಕೊಂಡಿರುವುದೂ ಉಂಟು.

ಭಾಷೆ, ದೇಶಗಳ ಹೆಸರೂ ಹೀಗೆಯೇ ಮೋಸಗೊಳಿಸಬಲ್ಲುದು. 1834ರಲ್ಲಿ ಮಂಗಳೂರಿಗೂ 1837ರಲ್ಲಿ ಧಾರವಾಡಕ್ಕೂ ಬಂದ ಬಾಸೆಲ್ ಮಿಷನ್ನಿನ ಪಾದ್ರಿಗಳಲ್ಲಿ ಬಹುಮಂದಿ ಜರ್ಮನರು. ಕನ್ನಡ ನಿಘಂಟುಕಾರರಾದ ಕಿಟ್ಟೆಲರೂ ಆ ಸಂಸ್ಥೆಯವರೇ. ಅದೇ ಸಂಸ್ಥೆಯ ಹರ್ಮನ್ ಗುಂಡರ್ಟರು 1814ರಲ್ಲಿ ಸ್ಟುಟ್‌ಗಾರ್ಟಿನಲ್ಲಿ ಹುಟ್ಟಿ, ಮಲೆಯಾಳಕ್ಕೆ ನಿಘಂಟನ್ನು ರಚಿಸಿದರು. ಅವರ ಹೆಂಡತಿ ಜೂಲಿ ದ್ಯೂಬ್ವಾ, ಫ್ರೆಂಚ್ ಮಾತಾಡುವ ಸ್ವಿಸ್ ನಾಡಿನವರು. ಮಗಳು ಮೇರಿ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದರು. ಮೇರಿಯ ಪತಿ ಯೋಹಾನೆಸ್ ಹೆಸ್ಸೆ ಇಂದಿನ ಎಸ್ಟೋನಿಯದಲ್ಲಿ ಹುಟ್ಟಿದವರು. ಈ ದಂಪತಿಗಳ ಮಗನೇ 1946ರ ನೊಬೆಲ್ ಬಹುಮಾನವನ್ನು ಪಡೆದ ಹರ್ಮನ್ ಹೆಸ್ಸೆ. ಜರ್ಮನ್ ಲೇಖಕನೊಬ್ಬನ ಕೇವಲ ಎರಡು ತಲೆಮಾರುಗಳನ್ನು ಹುಡುಕಲು ನಾಲ್ಕು ದೇಶಗಳ ದಾಖಲೆಗಳು ಬೇಕಾದುವು!

ಲೆಕ್ಕವು ಹೇಳುವ ಮಾತು

ಪ್ರತಿಯೊಬ್ಬನಿಗೂ ತಂದೆತಾಯಿಗಳು ಇಬ್ಬರು, ಅಜ್ಜ ಅಜ್ಜಿಯರು ನಾಲ್ವರು, ಅವರ ತಂದೆತಾಯಿಗಳು ಎಂಟು ಮಂದಿ. ಹತ್ತನೆಯ ತಲೆಮಾರಿಗೆ 1,024, ಇಪ್ಪತ್ತನೆಯದಕ್ಕೆ 10,48,576, ಮೂವತ್ತನೆಯದಕ್ಕೆ 107 ಕೋಟಿಗೂ ಹೆಚ್ಚು. ಮೂವತ್ತು ತಲೆಮಾರುಗಳೆಂದರೆ ಸುಮಾರು 900 ವರ್ಷಗಳು. ಆಗ ಇಡೀ ಜಗತ್ತಿನ ಜನಸಂಖ್ಯೆಯೇ 40 ಕೋಟಿಗಿಂತ ಕಡಿಮೆಯಿತ್ತೆಂದು ಅಂದಾಜು. ಇದರ ಅರ್ಥವೇನು? ಒಬ್ಬನೇ ಹಿರಿಯನು ನಮ್ಮ ವಂಶವೃಕ್ಷದಲ್ಲಿ ಅನೇಕ ಸ್ಥಾನಗಳಲ್ಲಿ ಬರುತ್ತಾನೆ. ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವ ನಮ್ಮಲ್ಲಿ ಇದು ಬೇಗನೆ ಕಾಣುವುದು. ಅಂಥ ದಂಪತಿಗಳ ಮಗುವಿಗೆ ಮೂರನೆಯ ತಲೆಮಾರಿನಲ್ಲಿ ಎಂಟು ಸ್ಥಾನಗಳಿದ್ದರೂ ವ್ಯಕ್ತಿಗಳು ಆರೇ ಮಂದಿ. ನಮ್ಮ ಹಿರಿಯರಲ್ಲಿ ಒಬ್ಬ ದೊರೆಯಿದ್ದನೆಂದು ಹೆಮ್ಮೆಪಡುವವನು, ಅದೇ ಲೆಕ್ಕದಿಂದ ಅವನ ನೆರೆಯವನಿಗೂ ಅದೇ ದೊರೆ ಹಿರಿಯನಾಗಿರಬಹುದೆಂಬುದನ್ನು ಮರೆಯಬಾರದು.

ಹೆಳವರು ಹಾಡುವುದು ಬಹುಮಟ್ಟಿಗೆ ತಂದೆಯಿಂದ ಮಗನಿಗೆ ಇಳಿಯುವ ಒಂದು ಸಾಲನ್ನು. ಜೀವಕೋಶದ ವೈ ವರ್ಣತಂತುವೂ ಅದೇ ದಾರಿಯಲ್ಲಿ ಇಳಿಯುತ್ತದೆ. ಆದರೆ ದತ್ತಕನಾಗಿ ಬಂದವನನ್ನು ವಂಶಾವಳಿಯು ಮಗನೆಂದೇ ಎಣಿಸುವುದು, ವರ್ಣತಂತು ಎಣಿಸದು. ಎರಡೂ ಸತ್ಯಗಳೇ, ಅವು ಉತ್ತರಿಸುವ ಪ್ರಶ್ನೆಗಳು ಬೇರೆ. ಹತ್ತನೆಯ ತಲೆಮಾರಿನ 1,024 ಸ್ಥಾನಗಳಲ್ಲಿ ಈ ಸಾಲು ತೋರಿಸುವುದು ಒಂದನ್ನು ಮಾತ್ರ.

ತಾಯಿಯ ಸಾಲು

ಉಳಿದ ಸ್ಥಾನಗಳಿಗೆ ದಾರಿ ತಾಯಂದಿರ ಮೂಲಕ. ನಮ್ಮ ದಾಖಲೆಗಳು ಅತ್ಯಂತ ದುರ್ಬಲವಾಗಿರುವುದೂ ಇಲ್ಲಿಯೇ. ಮದುವೆಯಲ್ಲಿ ಸೊಸೆಯ ಹೆಸರನ್ನು ಬದಲಿಸುವ ಪದ್ಧತಿ ಈ ಸೀಮೆಯ ಹಲವು ಮನೆತನಗಳಲ್ಲಿ ಇತ್ತು. ತವರಿನಲ್ಲಿ ಒಂದು ಹೆಸರು, ಗಂಡನ ಮನೆಯಲ್ಲಿ ಇನ್ನೊಂದು. ಎರಡು ಊರುಗಳ ಕಾಗದಗಳಲ್ಲಿರುವ ಆ ಇಬ್ಬರೂ ಒಬ್ಬಳೇ ಎಂದು ಹೇಳುವ ಸಾಲು ಎಲ್ಲಿಯೂ ಇಲ್ಲ. ಜರ್ಮನರ ಇಗರ್ಜಿ ದಾಖಲೆಗಳಲ್ಲಿ ತಾಯಿಯ ತವರಿನ ಹೆಸರನ್ನು ಸಾಮಾನ್ಯವಾಗಿ ಬರೆದಿರುವುದರಿಂದ, ಅವರು ಹೆಣ್ಣಿನ ಸಾಲಿನಲ್ಲಿಯೂ ಏರಿ ಹೋಗಬಲ್ಲರು. ನಮ್ಮಲ್ಲಿ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ಹೆಣ್ಣುಮಕ್ಕಳಿಗೂ ತಂದೆಯ ಆಸ್ತಿಯಲ್ಲಿ ಪಾಲು ಕೊಟ್ಟ ಮೇಲೆ, ವಾರಸಾ ನೋಂದಣಿಯಲ್ಲಿ ಅವರ ಹೆಸರುಗಳಿಗೂ ಸ್ಥಾನ ದೊರೆಯಿತು. ಅದಕ್ಕೂ ಹಿಂದಿನ ಹೆಣ್ಣುಮಕ್ಕಳ ಹೆಸರುಗಳು ಬದುಕಿರುವ ಹಿರಿಯರ ನೆನಪಿನಲ್ಲಿ ಮಾತ್ರ ಇವೆ. ತಾಯಿಯಿಂದ ಮಕ್ಕಳಿಗೆ ಇಳಿಯುವ ಮೈಟೊಕಾಂಡ್ರಿಯದ ಡಿಎನ್ಎ ಆ ಸಾಲಿನ ಗುರುತನ್ನು ಉಳಿಸಿಕೊಂಡಿರುವುದು ನಿಜ. ಆದರೆ ಯಾವ ಪರೀಕ್ಷೆಯೂ ಒಬ್ಬ ಮುತ್ತಜ್ಜಿಯ ಹೆಸರನ್ನು ಹೇಳಲಾರದು.

ವಿದ್ಯಾರ್ಥಿಗಳು ಮಾಡಬಹುದಾದ ಕೆಲಸ

ಒಂದು ದೊಡ್ಡ ಹಾಳೆಯ ಬುಡದಲ್ಲಿ ನಿಮ್ಮ ಹೆಸರನ್ನು ಬರೆದು, ಮೇಲೆ 2, 4, 8 ಮನೆಗಳನ್ನು ಹಾಕಿರಿ. ತಿಳಿದ ಹೆಸರಿನ ಕೆಳಗೆ ಹೇಳಿದವರು ಯಾರು, ಎಂದು ಹೇಳಿದರು, ಎಂಬುದನ್ನು ಬರೆಯಿರಿ. ಎರಡು ಸ್ವತಂತ್ರ ಸಾಕ್ಷ್ಯಗಳಿದ್ದರೆ ಮಸಿಯಲ್ಲಿ, ಒಂದೇ ಇದ್ದರೆ ಸೀಸದ ಕಡ್ಡಿಯಲ್ಲಿ ಬರೆಯಿರಿ. ತಿಳಿಯದ ಮನೆಯನ್ನು ಖಾಲಿ ಬಿಡಿರಿ. ಊಹೆಯಿಂದ ತುಂಬಿದ ಮನೆಗಿಂತ ಖಾಲಿ ಮನೆಯೇ ಮೇಲು. ಅಜ್ಜಿಯರನ್ನು ಕೇಳುವಾಗ ತವರಿನ ಊರು, ತವರಿನ ಹೆಸರು, ಅವರ ತಾಯಿಯ ತವರು, ಈ ಮೂರನ್ನು ತಪ್ಪದೆ ಕೇಳಿರಿ. ಹೆಳವರು ಊರಿಗೆ ಬಂದರೆ ಅವರನ್ನು ಕೂರಿಸಿ, ಅವರ ಒಪ್ಪಿಗೆ ಪಡೆದು, ಹೇಳಿದುದನ್ನು ಹೇಳಿದಂತೆಯೇ ಬರೆದುಕೊಳ್ಳಿರಿ.

ದಫ್ತರದ ಕೋಣೆಯಲ್ಲಿರುವ ಕಾಗದವು ಇನ್ನೊಂದು ವರ್ಷ ಕಾದೀತು. ಎಂಬತ್ತು ದಾಟಿದ ಅಜ್ಜಿಯ ನೆನಪಿಗೆ ಅಂಥ ಭರವಸೆಯಿಲ್ಲ. ಆದುದರಿಂದ ಈ ಶೋಧನೆಯಲ್ಲಿ ದಫ್ತರಕ್ಕಿಂತ ಮೊದಲು ಅಡುಗೆಮನೆಗೆ ಹೋಗತಕ್ಕದ್ದು.