ಇಂಚು ಸೆಂಟಿಗೆ ಸಿಗದ್ದು

ಮಗಾ, ಸೂರಿನ ನೀರನ್ನು ಸಿಂಟೆಕ್ಸ್‌ಗೆ ಹಿಡಿದಿದ್ದೀಯ, ಒಳ್ಳೇದಾಯ್ತು. ಬಿಕ್ಕೋಡಿನ ಕಡೆ ಇಷ್ಟು ಮಳೆ ಹುಯ್ದರೂ ಬೇಸಿಗೆಗೆ ಬೋರ್‌ವೆಲ್ ಕೆಮ್ಮುತ್ತದೆ. ಆದರೆ ನಿನ್ನೆ, 'ಆಕಾಶದಿಂದ ಬಂದ ನೀರು ತಾತ, ಇದಕ್ಕಿಂತ ಶುದ್ಧ ಯಾವುದಿದೆ' ಅಂದೆಯಲ್ಲ, ಅದಕ್ಕೊಂದು ಮಾತಿದೆ.

ನಾನೂ ಹಾಗೇ ಅಂದುಕೊಂಡಿದ್ದವನು. ಬೆಳಿಗ್ಗೆ ಎದ್ದು ಮಳೆಮಾಪಕ ನೋಡಿ, ಡೈರಿಯಲ್ಲಿ ಇಂಚು, ಸೆಂಟು ಬರೆದ ಮೇಲೇ ಕಾಫಿ. ಎಷ್ಟು ಬಂತು ಅಂತ ಗೊತ್ತಾಗುತ್ತಿತ್ತು. ಜೊತೆಗೆ ಏನು ಬಂತು ಅಂತ ಆ ಗಾಜು ಹೇಳಬೇಕಲ್ಲ!

2022ರಲ್ಲಿ ಸ್ಟಾಕ್‌ಹೋಮ್ ವಿಶ್ವವಿದ್ಯಾಲಯದ ಇಯಾನ್ ಕಸಿನ್ಸ್ ಮತ್ತವರ ಜೊತೆಗಾರರು ಲೋಕದ ಮಳೆ, ಹಿಮದ ಲೆಕ್ಕಗಳನ್ನು ಒಟ್ಟು ಹಾಕಿ ನೋಡಿದರು. ಟಿಬೆಟ್ಟಿನಲ್ಲೂ ಅಂಟಾರ್ಕ್ಟಿಕಾದಲ್ಲೂ ಪಿಎಫ್‌ಓಎ ಅನ್ನೋದು ಅಮೆರಿಕ ಆ ವರ್ಷ ಕುಡಿಯುವ ನೀರಿಗೆ ಸೂಚಿಸಿದ್ದ ಮಟ್ಟ ಮೀರಿತ್ತು. ಪಿಎಫ್‌ಎಎಸ್ ಅಂತ ಸಾವಿರಾರು ರಾಸಾಯನಿಕಗಳ ಬಳಗವಿದೆ, ಇದು ಅದರಲ್ಲೊಂದು. ಇಂಗಾಲ ಫ್ಲೋರಿನ್‌ಗಳ ಆ ನಂಟು ಬಿಸಿಲಿಗೂ ಬಿಡದು, ಮಣ್ಣಿಗೂ ಬಿಡದು. ಅಂಟದ ಬಾಣಲೆ, ನೀರಿಳಿಯದ ಜರ್ಕಿನ್, ಬೆಂಕಿ ಆರಿಸುವ ನೊರೆ, ಇವಕ್ಕೆಲ್ಲ ಬಳಸಿದ್ದು. ಸಮುದ್ರ ಸೇರಿದ್ದೂ ಅಲ್ಲೇ ಕೂರುವುದಿಲ್ಲ, ಅಲೆ ಒಡೆದ ತುಂತುರಿನ ಜೊತೆ ಮತ್ತೆ ಗಾಳಿ ಹತ್ತುತ್ತದೆ. ನಮ್ಮ ಮುಂಗಾರು ಬರುವುದು ಎಲ್ಲಿಂದ, ಹೇಳು?

ಗಾಬರಿ ಬೇಡ. 2022ರ ಆ ಮಟ್ಟ ತೀರಾ ಬಿಗಿಯಾದದ್ದು. 2024ರಲ್ಲಿ ಅಮೆರಿಕದವರೇ ಕಟ್ಟಿದ ಕಾನೂನಿನ ಮಿತಿ ಲೀಟರಿಗೆ 4 ನ್ಯಾನೋಗ್ರಾಂ. ತೋಟದ ಲೆಕ್ಕದಲ್ಲಿ ಹೇಳುತ್ತೇನೆ. ಎಕರೆಗೆ ಒಂದಿಂಚು ಮಳೆ ಅಂದರೆ ಸುಮಾರು ಒಂದು ಲಕ್ಷ ಲೀಟರ್. 10,000 ಎಕರೆಗೆ ಬಿದ್ದ ಒಂದಿಂಚು ಮಳೆಯಲ್ಲಿ 4 ಗ್ರಾಂ, ಅಂದರೆ ಒಂದು ಸಣ್ಣ ಚಮಚ ಸಕ್ಕರೆಯಷ್ಟು ಇದ್ದರೆ ಮಿತಿ ಮುಟ್ಟಿತು. ಇಷ್ಟಕ್ಕೆ ಯಾಕಿಷ್ಟು ಹೆದರಿಕೆ ಅಂದರೆ, 2023ರ ಕೊನೆಗೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಪಿಎಫ್‌ಓಎಯನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಮೈಗೆ ಹೊಕ್ಕಿದ್ದು ಹೊರಬೀಳಲು ವರ್ಷಗಳೇ ಬೇಕು.

ನಿಮ್ಮಮ್ಮ 'ಕಾಯಿಸಿ ಕುಡಿದರಾಯ್ತು' ಅಂತಾಳೆ. ಹುಳ ಸಾಯಲಿಕ್ಕೆ ಕಾಯಿಸಲಿ, ಬೇಡ ಅನ್ನೋದಿಲ್ಲ. ಆದರೆ ಇದು ಕುದಿತಕ್ಕೆ ಹೋಗೋದಲ್ಲ. ಆಲೆಮನೆ ಕೊಪ್ಪರಿಗೆಯಲ್ಲಿ ನೀರಿಂಗಿದ ಹಾಗೆ, ಇಲ್ಲೂ ನೀರಿಂಗಿ ಇದೇ ಉಳಿಯುತ್ತದೆ. ಕುಡಿಯುವ ನೀರಿಗೆ ಮಾತ್ರ ಇದ್ದಿಲಿನ ಫಿಲ್ಟರೋ ಆರ್‌ಓನೋ ಹಾಕಿಸು, ಸಾಕಷ್ಟು ತಡೆಯುತ್ತವೆ. ಕಾಲಕ್ಕೆ ಸರಿಯಾಗಿ ಕಾರ್ಟ್ರಿಜ್ ಬದಲಿಸದೆ ಇದ್ದರೆ ಹಾಕಿಸಿದ್ದೂ ದಂಡ. ಸ್ನಾನಕ್ಕೆ, ಗಿಡಕ್ಕೆ, ಪಲ್ಪರ್‌ಗೆ ಸೂರಿನ ನೀರು ಧಾರಾಳವಾಗಿ ಬಳಸು.

ಇನ್ನೊಂದು ಸಂಗತಿ. ಇಟಲಿಯ ವಿಚೆಂಜಾ ಸೀಮೆಯಲ್ಲಿ ಮಿತೇನಿ ಅನ್ನೋ ಕಾರ್ಖಾನೆ ಇದೇ ಬಳಗದ ರಾಸಾಯನಿಕಗಳಿಂದ ಅಂತರ್ಜಲ ಕೆಡಿಸಿ, 2018ರಲ್ಲಿ ಮುಚ್ಚಿತು. ಯಂತ್ರಗಳು ಗುಜರಿಗೆ ಹೋಗಲಿಲ್ಲ ಕಣಪ್ಪ, ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ಲೋಟೆಗೆ ಬಂದವು. ನಮ್ಮದೇ ಘಟ್ಟದ ಸಾಲಿನ ಬುಡಕ್ಕೆ. ಬೆಳೆಗಾರರ ಸಭೆಯಲ್ಲಿ ಕಾಫಿ ರೇಟು, ಆನೆ ಕಾಟ ಮುಗಿದ ಮೇಲೆ ಇದನ್ನೂ ಒಂದು ಸಲ ಎತ್ತು. ನನ್ನ ಮಾತಿಗೆ ನಗುತ್ತಾರೆ, ನಿನ್ನ ಮಾತಿಗೆ ಕಿವಿ ಕೊಟ್ಟಾರು.

ಮನೆಯ ಮಟ್ಟಿಗೆ, ಆ ಗೀರು ಬಿದ್ದ ಬಾಣಲೆ ಬಿಡು. ನಿಮ್ಮಜ್ಜಿಯ ಕಬ್ಬಿಣದ ಹೆಂಚು ಅಟ್ಟದ ಮೇಲಿದೆ. ಎರಡು ದಿನ ಎಣ್ಣೆ ಸವರಿ ಪಳಗಿಸು, ಅಕ್ಕಿ ರೊಟ್ಟಿ ತಾನಾಗಿ ಏಳುತ್ತದೆ. ಹರಿದ ಜರ್ಕಿನ್ನನ್ನು ಮಾತ್ರ ಹಂಡೆ ಒಲೆಗೆ ತುರುಕಬೇಡ. ಬಚ್ಚಲ ಹೊಗೆ ಕೂರುವುದು ನೀನು ನೀರು ಹಿಡಿಯುವ ಅದೇ ಸೂರಿನ ಮೇಲೆ.